ಶನಿವಾರದ ಕೂಟ: ಯಾವ ಸಿಗಾರ್‌ಗೆ ಯಾವ ಬಿಯರ್

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 7ಕ್ಕೆ ನಮ್ಮನೆ ಟೆರೇಸ್‌ನಲ್ಲೇ ಸೇರೋಣ. ಈ ಸಲ ಮಡೂರೊ ಸಿಗಾರ್ ಜೊತೆ ಸ್ಟೌಟ್ ಎಂಬ ಕಪ್ಪು ಬಿಯರ್ ಇಟ್ಟಿದ್ದೇನೆ. ಮಡೂರೊದ ಹೊರ ಎಲೆಯನ್ನು ಹೆಚ್ಚು ಕಾಲ ಹುದುಗಿಸುತ್ತಾರೆ. ಆ ಕಪ್ಪು ಬಣ್ಣ, ಬೆಲ್ಲದ ಪಾಕದಂಥ ಸಿಹಿ ವಾಸನೆ ಬರುವುದು ಅದರಿಂದಲೇ. ಸ್ಟೌಟ್‌ಗೆ ಹಾಕುವ ಹುರಿದ ಬಾರ್ಲಿಯಿಂದ ಕಾಫಿ, ಚಾಕೊಲೇಟಿನ ಕಹಿ ಬರುತ್ತದೆ. ಈ ಸಿಹಿಗೂ ಆ ಕಹಿಗೂ ಬಲು ಚೆನ್ನಾಗಿ ಕೂಡಿಬರುತ್ತದೆ.

ಐಪಿಎ (ಹಾಪ್ಸ್ ಎಂಬ ಕಹಿ ಹೂವನ್ನು ಹೆಚ್ಚು ಹಾಕಿದ ಬಿಯರ್) ತರುತ್ತೇನೆ ಎಂದವರು ದಯವಿಟ್ಟು ತರಬೇಡಿ. ಹಾಪ್ಸ್‌ನ ಕಹಿಗೆ ಹೊಗೆಯ ಕಹಿಯೂ ಸೇರಿದರೆ ಆಮೇಲೆ ನಾಲಗೆಗೆ ಏನೂ ರುಚಿಸುವುದಿಲ್ಲ. ಹಗುರವಾದದ್ದು ಬೇಕೆನ್ನುವವರಿಗೆ ಕನೆಕ್ಟಿಕಟ್ ಶೇಡ್ ಸಿಗಾರ್, ಗೋಧಿ ಬಿಯರ್ ಇರುತ್ತದೆ.

ಸ್ಟೌಟನ್ನು 20 ನಿಮಿಷ ಮೊದಲೇ ಫ್ರಿಜ್ಜಿನಿಂದ ಹೊರಗಿಡುತ್ತೇನೆ, ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ. ಹೊಗೆ ಬಾಯಲ್ಲಷ್ಟೇ ಇರಲಿ, ಎದೆಗೆ ಎಳೆಯಬೇಡಿ. ನಿಮಿಷಕ್ಕೊಂದು ದಮ್ಮು ಸಾಕು. ಅವಸರ ಮಾಡಿದರೆ ಸಿಗಾರ್ ಬಿಸಿಯೇರಿ ಕಹಿಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ನಿಕೋಟಿನ್‌ಗೆ ತಲೆ ಸುತ್ತುತ್ತದೆ. ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಹಾಗಾಗಿ ಯಾರಿಗೂ ಒತ್ತಾಯವಿಲ್ಲ, ಸುಮ್ಮನೆ ಹರಟೆಗೆ ಬಂದರೂ ಸಂತೋಷ. ಗಾಡಿ ಮಾತ್ರ ತರಬೇಡಿ, ಆಟೊದಲ್ಲಿ ಬನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.