ಬೇಡವೆಂದರೂ ಬಂದ ಉಡುಗೊರೆಗಳಿಗೆ

ಕಳೆದ ವಾರ ನನಗೆ 50 ವರ್ಷ ತುಂಬಿತು. ಈ ವಯಸ್ಸಿನಲ್ಲಿ ಯಾರೂ ಏನನ್ನೂ ತರಬೇಕಾಗಿಲ್ಲ, ಬೇಕಾದುದನ್ನು ನಾನೇ ಕೊಂಡುಕೊಳ್ಳಬಲ್ಲೆ ಎಂದು ಒಂದು ತಿಂಗಳು ಮೊದಲೇ ಮನೆಯವರಿಗೆಲ್ಲ ಸ್ವಲ್ಪ ಬಿಗುಮಾನದಿಂದಲೇ ತಿಳಿಸಿದ್ದೆ. ಆ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳದೆ ಇದ್ದುದಕ್ಕಾಗಿ ಅವರಿಗೆ ಎಲ್ಲರೆದುರು ವಂದನೆ ಸಲ್ಲಿಸುವುದು ನನ್ನ ಕರ್ತವ್ಯ.

ನಮ್ಮ ಯಜಮಾನರು ಕೊಟ್ಟದ್ದು ಚಾಳೀಸಿನ ಕನ್ನಡಕ. ತಮ್ಮ ಕಣ್ಣು ತೋರಿಸಿಕೊಳ್ಳುವ ನೆಪದಲ್ಲಿ ನನ್ನನ್ನೂ ಕರೆದೊಯ್ದು ಪರೀಕ್ಷೆ ಮಾಡಿಸಿ, ಎರಡೂ ಕಣ್ಣಿಗೆ ಪ್ಲಸ್ 2 ಎಂದು ಬರೆದ ಚೀಟಿಯನ್ನು ಜೇಬಿಗೆ ಸೇರಿಸಿದ್ದ ಅವರು, ಅದನ್ನು ಹುಟ್ಟುಹಬ್ಬದ ದಿನ ಹೀಗೆ ಹೊರತೆಗೆದರು. ಪೊಟ್ಟಣ ಬಿಚ್ಚಿದೊಡನೆ ನನಗೆ ಬಂದದ್ದು ಸಿಟ್ಟು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ ಎಂಬುದನ್ನು ನಾನು ಅರಿಯದವಳಲ್ಲ. ಆದರೂ ಪುಸ್ತಕವನ್ನು ತೋಳುದ್ದ ದೂರ ಹಿಡಿದು, ಅಚ್ಚು ಸರಿಯಿಲ್ಲವೆಂದು ದೂರುತ್ತ ಐದಾರು ವರ್ಷ ಕಳೆದಿದ್ದೆ. ಅವರು ಅಷ್ಟೂ ದಿನ ಅದನ್ನು ನೋಡುತ್ತಿದ್ದರೆಂಬುದು ಮಾತ್ರ ತಿಳಿದಿರಲಿಲ್ಲ. ಅಕ್ಕ ಕಳಿಸಿದ ಉಡುಪು ನನ್ನ ಮೈಗೆ ಎರಡು ಅಳತೆ ಚಿಕ್ಕದು. ಅವಳ ಕಣ್ಣಿಗೆ ನಾನಿನ್ನೂ ಮೂವತ್ತರಲ್ಲೇ ಇದ್ದೇನೆಂದು ತಿಳಿದು, ಬದಲಾಯಿಸದೆ ಇಟ್ಟುಕೊಂಡಿದ್ದೇನೆ.

ತಮ್ಮನ ಉಡುಗೊರೆಯ ವಿಷಯವನ್ನು ಹೀಗೆ ಬೇಗ ಮುಗಿಸಲಾರೆ. ಅಪ್ಪ ದಿನವೂ ಕೀ ಕೊಟ್ಟು ಕಟ್ಟಿಕೊಳ್ಳುತ್ತಿದ್ದ ಕೈಗಡಿಯಾರ ಅವರ ನಂತರ ಅವನ ಪಾಲಿಗೆ ಬಂದಿತ್ತು. ಅದು ನನಗೆ ಬೇಕಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಕೇಳದೆ ಹನ್ನೊಂದು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದೆ. ಪೆಟ್ಟಿಗೆಯಲ್ಲಿ ನಿಂತುಹೋಗಿದ್ದ ಅದನ್ನು ಅವನು ರಿಪೇರಿಗೆ ಒಯ್ದಾಗ, ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತಂತೆ. ಪ್ರತಿಯೊಂದು ಹಲ್ಲುಗಾಲಿಯನ್ನೂ ಬಿಚ್ಚಿ ತೊಳೆದು, ಸೂಜಿಮೊನೆಯಷ್ಟು ಹೊಸ ಎಣ್ಣೆ ಹಾಕಿ ಜೋಡಿಸಿದ ಮೇಲೆ ಅದು ಮತ್ತೆ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಬಾರಿ, ಟಿಕ್ ಎನ್ನತೊಡಗಿದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಬ್ಯಾಟರಿ ಗಡಿಯಾರದ ಮುಂದೆ ಇದು ಬಡಪಾಯಿ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಆದರೆ ಕಿವಿಗೆ ಹಿಡಿದರೆ ಅಪ್ಪನ ತೋಳಿನ ಮೇಲೆ ತಲೆಯಿಟ್ಟು ಮಲಗಿದಾಗ ಕೇಳುತ್ತಿದ್ದ ಸದ್ದೇ ಕೇಳುತ್ತದೆ.

ಗಾಜಿನ ಮೇಲೆ ನಾಲ್ಕರ ಅಂಕಿಯ ಬಳಿ ಒಂದು ಓರೆ ಗೀರಿದೆ. ನನಗೆ ಎಂಟು ವರ್ಷವಾಗಿದ್ದಾಗ ಕದ್ದು ಕಟ್ಟಿಕೊಂಡು ಓಡಿ, ಬಿದ್ದು, ಸದ್ದಿಲ್ಲದೆ ಮೇಜಿನ ಖಾನೆಯಲ್ಲಿ ತಂದಿಟ್ಟಿದ್ದರ ಗುರುತು ಅದು. ಹಳೆಯ ಗಡಿಯಾರಗಳ ಆ ‘ಗಾಜು’ ನಿಜಕ್ಕೂ ಒಂದು ಬಗೆಯ ಪ್ಲಾಸ್ಟಿಕ್ ಆದ್ದರಿಂದ ಉಜ್ಜಿ ಹೊಳಪು ಕೊಟ್ಟರೆ ಇಂಥ ಗೀರು ಹೋಗುತ್ತದೆ, ಹಾಗೆ ಮಾಡಲೇ ಎಂದು ರಿಪೇರಿಯವರು ಕೇಳಿದರಂತೆ. ತಮ್ಮ ಬೇಡವೆಂದನಂತೆ. ನಾನು ಬಿದ್ದುದನ್ನು ಐದು ವರ್ಷದ ಅವನು ಬಾಗಿಲ ಸಂದಿಯಿಂದ ಕಂಡಿದ್ದನೆಂಬುದು ನನಗೆ ತಿಳಿದದ್ದು ಈಗ. ನಲವತ್ತೆರಡು ವರ್ಷ ಅದನ್ನು ಯಾರಿಗೂ ಹೇಳದ ಅವನಿಗೆ ಗಡಿಯಾರಕ್ಕಾಗಿ ಒಂದು, ಮೌನಕ್ಕಾಗಿ ಇನ್ನೊಂದು ಎಂದು ಎರಡು ವಂದನೆಗಳು ಸಲ್ಲಬೇಕು.

ಈಗ ದಿನವೂ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ತಿರುಪು ಬಿಗಿಯಾಗುವವರೆಗೆ ಕೀ ಕೊಟ್ಟು, ಆ ಎರಡು ನಿಮಿಷವನ್ನು ಸರಿಪಡಿಸಿ ಕಟ್ಟಿಕೊಳ್ಳುತ್ತೇನೆ. ನನ್ನ ಸಣ್ಣ ಮಣಿಕಟ್ಟಿಗೆಂದು ತಮ್ಮ ಪಟ್ಟಿಗೆ ಹೊಸದಾಗಿ ಒಂದು ತೂತು ಹಾಕಿಸಿದ್ದಾನೆ. ಹಳೆಯ ತೂತುಗಳು ಹಾಗೆಯೇ ಇವೆ, ತಮ್ಮಾ. ಇನ್ನು ಆರು ತಿಂಗಳಿಗೆ ನಿನ್ನ ಹುಟ್ಟುಹಬ್ಬ. ಅಂದು ಇದು ನಿನ್ನ ಕೈಗೆ ಬರುತ್ತದೆ, ಮುಂದಿನ ವರ್ಷ ಮತ್ತೆ ನನ್ನ ಕೈಗೆ. ಬೇಡವೆಂದು ಹೇಳಬೇಡ, ಆ ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ಬೆಲೆಯಿದೆಯೆಂದು ನೀನೂ ಕಂಡಿದ್ದೀಯೆ.