ಫೋಟೋಗಳಲ್ಲಿ ಕಾಣದವರಿಗೆ

ಪ್ರಾಣಿಗಳ ಶೆಲ್ಟರ್ ಮತ್ತು ಕ್ಲಿನಿಕ್ಕಿನ ಕೆಲಸಕ್ಕೆ ಸೇರಿ ಒಂದು ವರ್ಷ ತುಂಬಿತು. ಮೂರೇ ಕಾಲಲ್ಲಿ ಓಡುವ ನಾಯಿ, ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿಗಳು, ಹೀಗೆ ನಾನು ಹಾಕಿದ ಫೋಟೋಗಳನ್ನೆಲ್ಲ ನೀವು ಮೆಚ್ಚಿಕೊಂಡಿದ್ದೀರಿ. ತುಂಬಾ ಜನ ನನಗೇ ಥ್ಯಾಂಕ್ಸ್ ಹೇಳಿದ್ದೀರಿ. ಅದು ಸೇರಬೇಕಾದವರು ಬೇರೆ ಇದ್ದಾರೆ. ಅವರು ಯಾವ ಫೋಟೋದಲ್ಲೂ ಇಲ್ಲ.

ಮೊದಲು, ನೆಲ ತೊಳೆಯುವ ಅಕ್ಕಂದಿರು. ಇದನ್ನು ಸುಮ್ನೆ ಉಪಚಾರಕ್ಕೆ ಹೇಳುತ್ತಿಲ್ಲ. ನಾಯಿಮರಿಗಳ ವಾರ್ಡಿಗೆ ಪಾರ್ವೊ ಅನ್ನುವ ವೈರಸ್ ರೋಗ ಬಂದಾಗ ನಮ್ಮನ್ನು ಕಾಪಾಡಿದ್ದು ಅವರ ಬ್ರಷ್ಷು. ಪಾರ್ವೊ ಬಂದ ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ರಕ್ತ ಬೆರೆತ ಭೇದಿ ಶುರುವಾಗುತ್ತದೆ. ನೋಡನೋಡುತ್ತಲೇ ಸುಸ್ತಾಗಿ ಮಲಗಿಬಿಡುತ್ತದೆ. ನಮ್ಮ ಕೈಯಲ್ಲಿದ್ದದ್ದು ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಬೇರೆ ಸೋಂಕು ಸೇರದಂತೆ ಆಂಟಿಬಯೋಟಿಕ್. ಉಳಿದದ್ದು ಮರಿಯ ಶಕ್ತಿ. ಆದರೆ ಪಕ್ಕದ ಗೂಡಿನ ಮರಿಗೆ ಹರಡದಂತೆ ತಡೆಯುವುದು ಪೂರ್ತಿ ನಮ್ಮ ಕೆಲಸ. ಈ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ. ಘಮಘಮ ಅನ್ನುವ ಫ್ಲೋರ್ ಕ್ಲೀನರ್‌ಗಳಿಗೆಲ್ಲ ಅದು ಬಗ್ಗುವುದಿಲ್ಲ, ಬ್ಲೀಚ್ ಬೇಕು. ಅದೂ ಕೊಳೆ ಇರುವ ಜಾಗಕ್ಕೆ ಸುರಿದರೆ ದಂಡ. ಮೊದಲು ಕೊಳೆಯನ್ನೆಲ್ಲ ಉಜ್ಜಿ ತೆಗೆಯಬೇಕು. ಆಮೇಲೆ 1 ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಾಕಿ, ಕನಿಷ್ಠ 10 ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಪ್ರತಿ ಗೂಡಿಗೂ ಇಷ್ಟೂ ಕೆಲಸ, ದಿನಾ. ಬಾಗಿಲಲ್ಲಿ ಚಪ್ಪಲಿ ಬದಲಾಯಿಸದೆ ಒಳಗೆ ಹೊರಟ ಡಾಕ್ಟರನ್ನೂ ಅಕ್ಕ ಅಲ್ಲೇ ತಡೆದು ನಿಲ್ಲಿಸಿದ್ದರು! ಡಾಕ್ಟರು ಮರುಮಾತಿಲ್ಲದೆ ಬದಲಾಯಿಸಿಕೊಂಡರು.

ಎಲ್ಲ ಮರಿಗಳೂ ಉಳಿಯಲಿಲ್ಲ. ಲಸಿಕೆ ಹಾಕಿದ್ದರೂ ಹೇಗೆ ಬಂತು ಅಂತ ಕೆಲವರು ಕೇಳಿದ್ದಿರಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವ ತನಕ ಮರಿಯ ಮೈ ಲಸಿಕೆಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಆ ರಕ್ಷಣೆ ಯಾವ ವಾರ ಕರಗುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 16 ವಾರ ಆಗುವ ತನಕ ಮತ್ತೆ ಮತ್ತೆ ಲಸಿಕೆ ಹಾಕುವುದು. ಪಾರ್ವೊ ನುಗ್ಗುವುದು ನಡುವಿನ ಆ ಸಂದಿಯಲ್ಲೇ. ಆ ದಿನಗಳಲ್ಲಿ ರಾತ್ರಿಯೆಲ್ಲ ಡ್ರಿಪ್ ನೋಡಿಕೊಂಡು, ಬೆಳಿಗ್ಗೆ ಕಾಲೇಜಿಗೆ ಹೋಗಿ ಪರೀಕ್ಷೆ ಬರೆದ ಹುಡುಗ ಹುಡುಗಿಯರೇ, ನಿಮಗೆ ಏನು ಹೇಳಲಿ? ಪಾಸಾದ ಸುದ್ದಿ ಕೇಳಿ ನನಗೇ ಜೀವ ಬಂದ ಹಾಗಾಯಿತು.

ಉಣ್ಣೆ ಹುಳು ಕಚ್ಚಿ ಜ್ವರ ಬಂದು ಒಸಡು ಬಿಳುಚಿಹೋಗಿದ್ದ ನಾಯಿಗೆ ರಕ್ತ ಬೇಕು ಅಂದಾಗ, ತಮ್ಮ ಮನೆಯ ನಾಯಿಯನ್ನು ಕರೆದುಕೊಂಡು ಓಡಿ ಬಂದವರಿಗೆ ದೊಡ್ಡ ನಮಸ್ಕಾರ. ನಾಯಿ ನಾಯಿಗೆ ರಕ್ತ ಕೊಡಬಹುದು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ 25 ಕೆಜಿಗಿಂತ ಜಾಸ್ತಿ ತೂಗುವ, ಲಸಿಕೆ ಆಗಿರುವ, ಆರೋಗ್ಯವಾಗಿರುವ ನಾಯಿ ಆಗಬೇಕು. ಸುಮ್ಮನೆ ಮಲಗುವ ಸ್ವಭಾವವೂ ಇರಬೇಕು ಅನ್ನಿ. ಅವತ್ತು ಬಂದಿದ್ದ ಮಹಾಶಯ ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದ.

ತಾಯಿಯಿಲ್ಲದ ಬೆಕ್ಕಿನ ಮರಿಗಳನ್ನು ಮನೆಗೆ ಒಯ್ದು ಸಾಕಿಕೊಟ್ಟವರ ಕೆಲಸ ನನ್ನಿಂದಂತೂ ಆಗುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ ಆಮೇಲೆ ಕುಡಿಸಬೇಕು. ಬೆನ್ನ ಮೇಲೆ ಮಲಗಿಸುವಂತಿಲ್ಲ, ಹಾಲು ಶ್ವಾಸಕ್ಕೆ ಹೋಗುತ್ತದೆ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಒರೆಸಿ ಮೂತ್ರ ಮಾಡಿಸಬೇಕು. ಇಷ್ಟೆಲ್ಲ ಮಾಡಿ, ಮರಿ ಆಟಕ್ಕೆ ಬರುವ ಹೊತ್ತಿಗೆ ಬೇರೆಯವರ ಕೈಗೆ ಕೊಡಬೇಕು. ಹೇಗೆ ಕೊಡುತ್ತೀರೋ ಏನೋ.

ದಿನಾ ಊಟ ಹಾಕಿ ಬೀದಿನಾಯಿಗಳ ನಂಬಿಕೆ ಗಳಿಸಿ, ಮರಿ ಆಗದಂತೆ ಮಾಡುವ ಆಪರೇಷನ್‌ಗೆ ಹಿಡಿಯುವಾಗ ಜೊತೆಗೆ ನಿಂತವರಿಗೂ ಥ್ಯಾಂಕ್ಸ್. ನಿಮ್ಮ ದನಿ ಕೇಳಿದರೆ ಬಲೆಯ ಗಲಾಟೆಯೇ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ರೇಬಿಸ್ ಲಸಿಕೆಯೂ ಆಗುತ್ತಿತ್ತು. ಒಂದು ಪ್ರದೇಶದ 70% ನಾಯಿಗಳಿಗಾದರೂ ಲಸಿಕೆ ಆಗಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕಿವಿ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅನ್ನುವ ಗುರುತು. ಅಂಥ ನಾಯಿ ಕಂಡರೆ, ಅದರ ಹಿಂದೆ ಇವರಂಥವರು ಯಾರೋ ಇದ್ದಾರೆ ಅಂತ ತಿಳಿಯಿರಿ.

ಮುದಿ ನಾಯಿಗಳನ್ನೇ ಕೇಳಿ ಮನೆಗೆ ಕರೆದೊಯ್ದವರಿಗೆ, ನಮ್ಮ ಬೊಗಳಾಟ ಸಹಿಸಿಕೊಂಡ ಅಕ್ಕಪಕ್ಕದವರಿಗೆ ವಂದನೆ. ರಾತ್ರಿ ಗೇಟಿನ ಹತ್ತಿರ ಡಬ್ಬದಲ್ಲಿ ಮರಿ ಬಿಟ್ಟು ಹೋಗುವವರಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗ ಇಲ್ಲ. ಬೆಲ್ ಒತ್ತಿ ಹೋಗಬಹುದಲ್ವಾ?

ಹಳೇ ಬೆಡ್‌ಶೀಟು, ಟವೆಲ್ಲು, ನ್ಯೂಸ್‌ಪೇಪರ್ ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್. ಇನ್ನೂ ಬೇಕು, ಕಳಿಸುತ್ತಿರಿ. ದಿಂಬು ಮಾತ್ರ ಬೇಡ. ಹರಿದು ಹತ್ತಿ ನುಂಗಿಬಿಡುತ್ತವೆ, ಆಮೇಲೆ ಡಾಕ್ಟರು ನನ್ನನ್ನು ಬೈಯುತ್ತಾರೆ.