ಮಗಳಿಗೊಂದು ಪತ್ರ: ಕಾಣಿಕೆ ಅಲ್ಲೇ ಇರಲಿ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನೀನು ಮಾಡಿದ ಲೆಕ್ಕದಲ್ಲಿ ತಪ್ಪಿತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡವಳು ಹೊಸದಾಗಿ ಸೇರಿದ ಹುಡುಗಿ. ನೀನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಮುಚ್ಚಿಡದೆ ನನಗೆ ಹೇಳಿದೆಯಲ್ಲ, ಅಷ್ಟು ಸಮಾಧಾನ. ಆದರೆ ಕೊನೆಗೆ ನೀನಂದ ಮಾತು ಕೊರೆಯುತ್ತಲೇ ಇದೆ: "ದೇವರ ಹತ್ತಿರ ಕ್ಷಮೆ ಕೇಳಿದ್ದೀನಮ್ಮಾ, ಈಗ ಮನಸ್ಸು ಹಗುರ ಆಗಿದೆ."

ನಿನ್ನ ಮನಸ್ಸು ಹಗುರವಾಯಿತು. ಆ ಹುಡುಗಿಯದು?

ಮತ್ತಾಯನ ಸುವಾರ್ತೆ ಐದನೆಯ ಅಧ್ಯಾಯದ 23, 24ನೇ ವಚನ ತೆಗೆದು ಇನ್ನೊಮ್ಮೆ ಓದು. ಕಾಣಿಕೆ ಹಿಡಿದು ವೇದಿಯ ಮುಂದೆ ನಿಂತಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುತ್ತಾರೆ ಯೇಸುಸ್ವಾಮಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ನೋವಿದ್ದರೆ ಎಂದು. ಎಷ್ಟೋ ವರ್ಷ ನಾನೇ ಇದನ್ನು ತಿರುಗುಮುರುಗಾಗಿ ಓದಿಕೊಂಡಿದ್ದೆ. ಇನ್ನೊಂದು ವಿಷಯವಿದೆ. ಈ ಮಾತು ಆಡಿದ್ದು ಗಲಿಲಾಯದಲ್ಲಿ, ವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಸುಮಾರು ಮೂರು ದಿನದ ನಡಿಗೆ. ಗಲಿಲಾಯದ ಬಡ ರೈತನೊಬ್ಬ ಕಾಣಿಕೆಯನ್ನು ಅಲ್ಲೇ ಬಿಟ್ಟು ಊರಿಗೆ ನಡೆದು, ನೆರೆಯವನ ಕ್ಷಮೆ ಕೇಳಿ, ಮತ್ತೆ ಅಷ್ಟೂ ದಾರಿ ನಡೆದು ಬರಬೇಕಿತ್ತು. ಆ ಹುಡುಗಿ ಕೂರುವುದು ನಿನ್ನಿಂದ ಮೂರು ಮೇಜು ಆಚೆ ಎಂದು ನೀನೇ ಹೇಳಿದ್ದೆ.

ಇದನ್ನು ಹೇಳುವ ಅಧಿಕಾರ ನನಗೆ ಸುಲಭವಾಗಿ ಬಂದದ್ದಲ್ಲ. ನೀನು ಚಿಕ್ಕವಳಿದ್ದಾಗ ಮನೆಕೆಲಸಕ್ಕೆ ಬರುತ್ತಿದ್ದವರು ಎರಡು ದಿನ ಬರಲಿಲ್ಲ. ಹೇಳದೆ ರಜೆ ಹಾಕಿದಿರಿ ಎಂದು ಗದರಿಸಿ ಆ ಎರಡು ದಿನದ ಸಂಬಳ ಹಿಡಿದುಕೊಂಡೆ. ಅವರು ಮೊದಲೇ ನಿನ್ನ ಅಪ್ಪನಿಗೆ ಹೇಳಿದ್ದರು, ಅಪ್ಪ ನನಗೆ ಹೇಳಲು ಮರೆತಿದ್ದರು. ಮರುದಿನವೇ ಗೊತ್ತಾಯಿತು. ಪ್ರಾರ್ಥನೆಯಲ್ಲಿ ಅತ್ತೆ, ದೇವರ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವರ ಮುಂದೆ ಮಾತ್ರ ಮೂರು ವಾರ ಬಾಯಿ ತೆರೆಯಲಿಲ್ಲ. ಕೂಲಿಯವನ ಕೂಲಿ ಬೆಳಗಾಗುವವರೆಗೂ ನಿನ್ನಲ್ಲಿ ಉಳಿಯಬಾರದು ಎಂದು ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದಲ್ಲಿ ಇರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಗೆ ಕೈಚಾಚಿದೆ.

ಕೊನೆಗೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಮನೆಗೇ ಹೋದೆ. ಹಣ ಕೊಟ್ಟು, ತಪ್ಪು ನನ್ನದೇ ಅಂದೆ. ಅವರು "ಪರವಾಗಿಲ್ಲ ಬಿಡಿ" ಅನ್ನಲಿಲ್ಲ. "ದುಡ್ಡಿಂದಲ್ಲ ಅಮ್ಮ, ನೀವು ನನ್ನ ಮಾತು ನಂಬಲಿಲ್ಲ" ಅಂದರು. ಮುಂದಿನ ತಿಂಗಳು ಕೆಲಸ ಬಿಟ್ಟರು. ಅವರನ್ನು ತಪ್ಪೆನ್ನಲಾರೆ. ಅವತ್ತು ಮನಸ್ಸು ಹಗುರವಾಗಲಿಲ್ಲ, ಮಗಳೇ. ಆದರೂ ಆ ಮೂರು ವಾರದಲ್ಲಿ ಮಾಡಿದ ಪ್ರಾರ್ಥನೆಗಳಿಗಿಂತ ಆ ಒಂದು ಗಳಿಗೆಯೇ ನಿಜವಾದ ಪ್ರಾರ್ಥನೆಯಾಗಿತ್ತು ಎಂದು ಈಗಲೂ ಅನಿಸುತ್ತದೆ.

ಹೀಗೆ ಮಾಡಿದರೆ ಮಾತ್ರ ದೇವರು ಕ್ಷಮಿಸುತ್ತಾನೆ ಎಂದುಕೊಳ್ಳಬೇಡ. ಲೂಕನ ಸುವಾರ್ತೆಯಲ್ಲಿ ಬರುವ, ಸುಂಕ ವಸೂಲಿ ಮಾಡಿ ಶ್ರೀಮಂತನಾಗಿದ್ದ ಜಕ್ಕಾಯನನ್ನು ನೋಡು. ಯೇಸು ಮೊದಲೇ ಅವನ ಹೆಸರು ಹಿಡಿದು ಕರೆದರು, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಅಂದರು. ಅವನು ಆಗಿನ್ನೂ ಒಂದು ಕಾಸೂ ಹಿಂದಿರುಗಿಸಿರಲಿಲ್ಲ. ಆ ಪ್ರೀತಿ ಸಿಕ್ಕ ಮೇಲೆ ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಮೋಸದಿಂದ ತೆಗೆದುಕೊಂಡದ್ದನ್ನು ತಾನಾಗಿ ಒಪ್ಪಿಕೊಂಡವನು ಅದರ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು ಎನ್ನುತ್ತಿತ್ತು ಮೋಶೆಯ ಧರ್ಮಶಾಸ್ತ್ರ. ಇವನು ನಾಲ್ಕರಷ್ಟು ಕೊಡುತ್ತೇನೆ ಅಂದ, ಅದೂ ಎದ್ದು ನಿಂತು. ಕ್ಷಮೆ ಸಿಕ್ಕವನ ಕೈ ಹೀಗೆ ಬಿಚ್ಚಿಕೊಳ್ಳುತ್ತದೆ.

ಹಾಗಾಗಿ ಅವಳ ಹತ್ತಿರ ಹೋಗು. "ನನ್ನಿಂದ ಏನಾದರೂ ಬೇಜಾರಾಗಿದ್ದರೆ ಕ್ಷಮಿಸು" ಅನ್ನಬೇಡ. ಆ "ಆಗಿದ್ದರೆ" ಬೇಡ. ಆಗಿದೆ. "ತಪ್ಪು ನನ್ನದು, ನೀನು ಬೈಸಿಕೊಳ್ಳುವಾಗ ಸುಮ್ಮನಿದ್ದೆ" ಎಂದು ಹೇಳು. ಬಳಿಕ ಮ್ಯಾನೇಜರಿಗೂ ಹೇಳು. ಅವಳಿಗೆ ಅವಮಾನವಾದದ್ದು ಎಲ್ಲರೆದುರು, ನೀನು ಗುಟ್ಟಾಗಿ ಕಿವಿಯಲ್ಲಿ ಹೇಳಿದರೆ ಅವಳ ಹೆಸರು ಸರಿಹೋಗುವುದಿಲ್ಲ. ಹೇಳಿದ್ದರಿಂದ ನಿನಗೆ ನಷ್ಟವಾಗಬಹುದು. ಪ್ರಮೋಷನ್ ತಡವಾಗಬಹುದು, ಅವಳು ನಿನ್ನ ಜೊತೆ ಮಾತನ್ನೇ ಬಿಡಬಹುದು. ಕ್ಷಮಿಸು ಎಂದು ಅವಳನ್ನು ಒತ್ತಾಯಿಸಬೇಡ, ಅದು ಅವಳಿಗೆ ಬಿಟ್ಟದ್ದು.

ಭಯವಾಗುತ್ತದೆ, ಗೊತ್ತು. ನಾನು ಅವರ ಬಾಗಿಲು ತಟ್ಟುವ ಮೊದಲು ಎರಡು ಸಲ ಬೀದಿಯ ತುದಿಯವರೆಗೂ ಹೋಗಿ ವಾಪಸು ಬಂದಿದ್ದೆ.

ಸೋಮವಾರ ಬೆಳಿಗ್ಗೆ ನಿನ್ನ ಮೀಟಿಂಗಿನ ಹೊತ್ತಿಗೆ ನಾನೂ ಅಪ್ಪನೂ ಪ್ರಾರ್ಥನೆಗೆ ಕೂರುತ್ತೇವೆ. ಮುಗಿದ ಮೇಲೆ ಫೋನ್ ಮಾಡು. ಏನಾದರೂ ಸರಿ, ಮಾಡು.

ನಿನ್ನ
ಅಮ್ಮ